ಕಲ್ಲಿಗೂ ಒಂದು ಊರಿತ್ತು

ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಸೇನಾನಿ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದ ಸುದ್ದಿಯನ್ನು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಅಲ್ಲೇ ಗೆರೆಗಳಲ್ಲಿ ಕೊರೆದ ಚಿತ್ರವೂ ಇದೆ: ಕಲ್ಲು ಹೇರಿದ ಬಂಡಿ, ಅದನ್ನೆಳೆಯುವ ಕೋಣಗಳ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ಕೋಟೆಯಲ್ಲಿ ಇದಕ್ಕಿಂತ ನಯವಾದ ಕೆತ್ತನೆಗಳಿವೆ. ಇದಕ್ಕಿಂತ ದೊಡ್ಡ ಸ್ಮಾರಕವಿಲ್ಲ. ಕಲ್ಲು ಹೇಗೆ ಬಂತು, ಯಾರ ಬೆವರಿನಿಂದ ಬಂತು ಎಂಬುದನ್ನು ಆ ಕಲ್ಲೇ ಹೇಳುತ್ತದೆ. ಆಯ್ದು ತಂದ ಶಿಲ್ಪಗಳಿಂದ ಅಳಿದ ಜನರನ್ನು ನೆನೆಯುವ ನಮ್ಮ ಪ್ರಯತ್ನಗಳನ್ನೆಲ್ಲ ಈ ಚಿತ್ರದ ಪಕ್ಕದಲ್ಲಿಟ್ಟು ಅಳೆಯಬೇಕು.

ಅದೇ ಕೋಟೆಯ ನವರಂಗ ದರವಾಜದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಕಲ್ಲುಗಳನ್ನು ಹೀಗೆ ಒಂದೆಡೆ ಕಾಪಾಡಿದ್ದು ಸಣ್ಣ ಕೆಲಸವಲ್ಲ. ಆದರೆ ನಮ್ಮ ಸಂಗ್ರಹಾಲಯಗಳ ಫಲಕಗಳು ಸಾಮಾನ್ಯವಾಗಿ ದೇವರ ಹೆಸರು, ಶತಮಾನ, ರಾಜವಂಶ ಇಷ್ಟಕ್ಕೇ ನಿಂತುಬಿಡುತ್ತವೆ. ದೇವದುರ್ಗ ತಾಲ್ಲೂಕಿನ ಗಬ್ಬೂರನ್ನೋ ಮಾನ್ವಿ ಸೀಮೆಯ ಕಲ್ಲೂರನ್ನೋ ನೋಡಿದರೆ ಈ ಕೊರತೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿ ಮತ್ತು ಶಾಸನಗಳು ಊರಿನ ನಡುವೆಯೇ ಇವೆ. ಆ ಕಾಲದಲ್ಲಿ ಈ ನಾಡಿನ ಎಷ್ಟೋ ಶೈವ ಗುಡಿ, ಮಠಗಳನ್ನು ನಡೆಸಿ ವಿದ್ಯೆ ಕಲಿಸಿದ ಕಾಳಾಮುಖರು ಇಂದು ಸಮುದಾಯವಾಗಿ ಉಳಿದಿಲ್ಲ. ಅವರ ಬದುಕಿಗೆ ಸಾಕ್ಷಿಯಾಗಿ ಉಳಿದದ್ದು ಕಂಬ, ಬಾಗಿಲವಾಡ, ದತ್ತಿಶಾಸನ. ಕಂಬವನ್ನು ಊರಿನಿಂದ ಬಿಡಿಸಿ ಬರೀ ಚೆಲುವಿಗಾಗಿ ನಿಲ್ಲಿಸಿದರೆ ಚಾಲುಕ್ಯರು ನೆನಪಾಗುತ್ತಾರೆ, ಕಾಳಾಮುಖರು ಇನ್ನೊಮ್ಮೆ ಅಳಿಯುತ್ತಾರೆ.

ಊರಲ್ಲೇ ಬಿಟ್ಟರೆ ಕಳ್ಳರ ಪಾಲಾಗುತ್ತದೆ, ಇಲ್ಲವೇ ಯಾರದೋ ಪಾಯಕ್ಕೆ ಸೇರುತ್ತದೆ ಎನ್ನುವವರಿದ್ದಾರೆ. ಆ ಮಾತು ನಿಜ; ವೀರಗಲ್ಲುಗಳಿಗೆ ಆದದ್ದನ್ನು ನಾವು ಬಲ್ಲೆವು. ಕಲ್ಲನ್ನು ತರಬಾರದೆಂದು ನಾನೂ ಹೇಳುತ್ತಿಲ್ಲ, ವಿಳಾಸವನ್ನು ಬಿಟ್ಟು ತರಬಾರದು. ತಂದ ವಸ್ತು ಎಂದಿಗೂ ತನ್ನ ಜನರನ್ನು ನೆನಪಿಸದು ಎಂಬ ಇನ್ನೊಂದು ಆಕ್ಷೇಪಕ್ಕೆ ಚಂಡೀಗಢದಲ್ಲಿ ಉತ್ತರವಿದೆ. ದೇಶವಿಭಜನೆಯಲ್ಲಿ ಊರು ಕಳೆದುಕೊಂಡಿದ್ದ ನೇಕ್ ಚಂದ್, ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳನ್ನು ಸೈಕಲ್ಲಿನಲ್ಲಿ ಹೊತ್ತು ತಂದು, ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಮನುಷ್ಯರ ಸಾಲುಸಾಲನ್ನೇ ಮಾಡಿದರು. 1976ರಲ್ಲಿ ಜನರಿಗೆ ತೆರೆದ ಆ ರಾಕ್ ಗಾರ್ಡನ್‌ನಲ್ಲಿ ಚೂರುಗಳು ತಾವು ಚೂರೆಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಆ ಹಳ್ಳಿಗಳ ಹೆಸರು ನೋಡುವವರಿಗೆ ಸಿಗುವುದಿಲ್ಲ. ಅಷ್ಟರಮಟ್ಟಿಗೆ ಅದೂ ಅಪೂರ್ಣ.

ಹೆಸರು ಉಳಿಸಲು ಹೆಚ್ಚಿನ ದುಡ್ಡು ಬೇಕಿಲ್ಲ. ರಾಯಚೂರು ಜಿಲ್ಲೆಯಲ್ಲಿ ಇನ್ನು ಮುಂದೆ ಯಾವುದೇ ಕಲ್ಲನ್ನು ಎತ್ತುವ ಮುನ್ನ ಅದು ಯಾವ ಊರಿನ ಯಾವ ಹೊಲದಲ್ಲಿತ್ತು, ಅದನ್ನು ಊರವರು ಏನೆಂದು ಕರೆಯುತ್ತಿದ್ದರು ಎಂಬುದನ್ನು ಕೇಳಿ, ಕನ್ನಡದಲ್ಲಿ ಬರೆದು, ಅದರ ಪಕ್ಕದಲ್ಲೇ ನಿಲ್ಲಿಸಿ.