ದೊಡ್ಡ ಸ್ಪೀಕರಿನ ಸಣ್ಣ ದನಿ

ಭಾರಿ ಬೆಲೆಯ ಹೈ-ಫೈ ಸ್ಪೀಕರುಗಳನ್ನು ಕೇಳಿಸುವ ಕ್ರಮ ಬಹುತೇಕ ಎಲ್ಲ ಅಂಗಡಿಗಳಲ್ಲೂ ಒಂದೇ. ಪರದೆ ಎಳೆದ ಕೋಣೆ, ಆಳೆತ್ತರದ ಎರಡು ಪೆಟ್ಟಿಗೆ, ಎದುರಿಗೊಂದು ಸೋಫಾ. ಮೊದಲು ಜಪಾನಿನ ತೈಕೊ ನಗಾರಿಯ ಪೆಟ್ಟು, ಆಮೇಲೆ ಯಾವುದೋ ಎಲೆಕ್ಟ್ರಾನಿಕ್ ಬೇಸ್, ಕೊನೆಗೆ ಪಿಯಾನೊ ಜೊತೆಗೆ ಹೆಣ್ಣುದನಿಯ ಒಂದು ಜಾಝ್ ಹಾಡು. ಅಂಗಿಯ ಗುಂಡಿ ಅದುರುತ್ತದೆ, ಬಂದವರು ತಲೆದೂಗುತ್ತಾರೆ. ನನಗೆ ಈ ಪರೀಕ್ಷೆಯೇ ತಪ್ಪು ಅನಿಸುತ್ತದೆ. ಗಟ್ಟಿಯಾಗಿ ಮೊಳಗುವುದು ದೊಡ್ಡ ಸ್ಪೀಕರಿಗೆ ಸಲೀಸು. ಗಣೇಶೋತ್ಸವದ ಪೆಂಡಾಲಿನ ಪೆಟ್ಟಿಗೆಗೂ ಅದು ಬರುತ್ತದೆ. ವಾಲ್ಯೂಮನ್ನು ಮನೆಮಂದಿ ಮಾತಾಡುವಷ್ಟಕ್ಕೆ ಇಳಿಸಿದಾಗ ಸಂಗೀತದಲ್ಲಿ ಎಷ್ಟು ಉಳಿಯಿತು ಎಂಬುದರಲ್ಲಿ ಅದರ ಕಸುವು ಗೊತ್ತಾಗುತ್ತದೆ. ಹೀಗೆ ಪರೀಕ್ಷಿಸಲು ಯೋಗ್ಯವಾದ ಸ್ಪೀಕರುಗಳಲ್ಲಿ ಅತಿ ಹಳೆಯದು, ಇಂದಿಗೂ ತಯಾರಾಗುತ್ತಿರುವುದು, ಅಮೆರಿಕದ ಕ್ಲಿಪ್ಶ್‌ಹಾರ್ನ್.

ಅದನ್ನು ರೂಪಿಸಿದ ಪಾಲ್ ಕ್ಲಿಪ್ಶ್ (1904–2002) ಎಂಜಿನಿಯರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಸಣ್ಣ ಊರಿನ ಬಳಿಯಿದ್ದ ಸೇನೆಯ ಮದ್ದುಗುಂಡು ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದರು. 1946ರಲ್ಲಿ ಅದೇ ಊರಿನಲ್ಲಿ ತಮ್ಮ ಕಂಪನಿ ತೆರೆದರು. ಆಗಿನ ವಾಲ್ವ್ ಆಂಪ್ಲಿಫೈಯರುಗಳಲ್ಲಿ ಹುಟ್ಟುತ್ತಿದ್ದದ್ದು ಬೆರಳೆಣಿಕೆಯ ವಾಟುಗಳು. ಅಷ್ಟರಲ್ಲೇ ಒಂದು ಆರ್ಕೆಸ್ಟ್ರಾವನ್ನು ಮನೆಯೊಳಗೆ ತರಬೇಕಿದ್ದರೆ ಒಂದೊಂದು ವಾಟನ್ನೂ ಪೋಲಾಗದಂತೆ ಶಬ್ದವಾಗಿಸಬೇಕು. ಗದ್ದೆಯ ಆಚೆ ಇರುವವರನ್ನು ಕೂಗುವಾಗ ಬಾಯಿಯ ಎರಡೂ ಬದಿಗೆ ಅಂಗೈ ಹಿಡಿಯುತ್ತೇವಲ್ಲ, ಹಾರ್ನ್ ಮಾಡುವ ಕೆಲಸ ಅದೇ. ಸಣ್ಣದೊಂದು ಅದುರುವ ತೊಗಲಿಗೂ ಕೋಣೆಯ ಗಾಳಿಗೂ ನಡುವೆ ಮೆಲ್ಲಗೆ ಅಗಲವಾಗುವ ದಾರಿ ಮಾಡಿಕೊಟ್ಟರೆ ಶಕ್ತಿ ಸೋರದೆ ದಾಟುತ್ತದೆ.

ತೊಡಕಿರುವುದು ಕೆಳಗಿನ ಸ್ವರಗಳಲ್ಲಿ. 35 ಹರ್ಟ್ಝ್ ಶಬ್ದದ ಅಲೆಯ ಉದ್ದ ಹತ್ತಿರ ಹತ್ತಿರ ಹತ್ತು ಮೀಟರ್. ಅದನ್ನು ಬಯಲಿನಲ್ಲಿ ಸರಿಯಾಗಿ ಹೊಮ್ಮಿಸುವ ಹಾರ್ನಿನ ಬಾಯಿ ಮೂರು ಮೀಟರ್ ಅಗಲವಾಗಿರಬೇಕು. ಯಾವ ಮನೆಯಲ್ಲಿ ಅದಕ್ಕೆ ಜಾಗವಿದೆ? ಕ್ಲಿಪ್ಶ್ ಕಂಡುಕೊಂಡ ಉಪಾಯ, ಮೂಲೆ. ಎರಡು ಗೋಡೆ ಮತ್ತು ನೆಲ ಕೂಡುವ ಕಡೆ ಶಬ್ದ ಹರಡಲು ಉಳಿಯುವುದು ಬಯಲಿನ ಎಂಟನೇ ಒಂದು ಭಾಗ. ಬಾಯಿಯ ವಿಸ್ತಾರವೂ ಎಂಟರಲ್ಲೊಂದಾದರೆ ಸಾಕು. ಕೆಳಗಿನ ಸ್ವರ ಹೊಮ್ಮಿಸುವ 15 ಇಂಚಿನ ವೂಫರಿನ ಮುಂದೆ ಮರದ ಹಲಗೆಗಳಿಂದ ಸುರುಳಿ ಹಾದಿ ಕಟ್ಟಿ, ಹಾರ್ನಿನ ಕೊನೆಯ ತುಂಡಾಗಿ ಮನೆಯ ಗೋಡೆಗಳನ್ನೇ ಬಳಸಿಕೊಂಡರು. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 105 ಡೆಸಿಬಲ್ ಎಂದು ಕಂಪನಿ ಹೇಳುತ್ತದೆ. ಶೆಲ್ಫಿನ ಮೇಲೆ ಕೂರುವ ಈಗಿನ ಸಾಧಾರಣ ಸ್ಪೀಕರ್ 85 ಡೆಸಿಬಲಿನ ಸುತ್ತಮುತ್ತ ಇರುತ್ತದೆ. ಈ ಇಪ್ಪತ್ತು ಡೆಸಿಬಲ್ ಅಂತರವೆಂದರೆ ನೂರು ಪಟ್ಟು ವಿದ್ಯುತ್ತು.

ಈ ಲೆಕ್ಕ ಕಿವಿಗೆ ಹೇಗೆ ಮುಟ್ಟುತ್ತದೆ ಎನ್ನುವುದೇ ವಿಮರ್ಶೆಯ ವಿಷಯ. ನಾನು ಇದನ್ನು ನೆಮ್ಮದಿಯಾಗಿ ಕೇಳಿದ್ದು ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆಯಲ್ಲಿ, ಕೆಲವೇ ವಾಟುಗಳ ವಾಲ್ವ್ ಆಂಪ್ಲಿಫೈಯರಿನ ಜೊತೆ. ಮೊದಲು ಗಮನಕ್ಕೆ ಬಂದದ್ದು ತಬಲಾ. ಸಣ್ಣ ಸ್ಪೀಕರಿನಲ್ಲಿ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸುವ ನಾದ ಒಂದು ಗುಮ್ಮೆನ್ನುವ ಸದ್ದಾಗಿ ಮುಗಿದುಹೋಗುತ್ತದೆ. ಇಲ್ಲಿ ಒತ್ತುವಿಕೆ, ಜಾರುವಿಕೆ, ಬಿಡುವಿಕೆ ಮೂರೂ ಬೇರೆ ಬೇರೆ ಕೇಳಿಸಿದವು. ಅದೂ ಪಕ್ಕದವರ ಮಾತಿಗೆ ಅಡ್ಡಿಯಾಗದಷ್ಟು ತಗ್ಗಿದ ದನಿಯಲ್ಲಿ. ಕಾರಣ ಸರಳ. ಒಂದೇ ಗಟ್ಟಿತನ ಉಳಿಸಿಕೊಂಡು ಒಂದು ಸ್ಥಾಯಿ ಕೆಳಗಿಳಿಯಬೇಕಾದರೆ ಸಾಧಾರಣ ಸ್ಪೀಕರಿನ ಕೋನು, ಅಂದರೆ ಅದುರುವ ತೊಗಲು, ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆಮುಂದೆ ಓಡಬೇಕು. ಹಾಗೆ ಓಡುವಾಗ ಅದರ ಮೇಲೆ ಸವಾರಿ ಮಾಡುವ ಇತರ ಸ್ವರಗಳೂ ಕಲಕುತ್ತವೆ. ಹಾರ್ನಿನ ಹಿಂದಿರುವ ಕೋನು ಕಣ್ಣಿಗೆ ಕಾಣದಷ್ಟು ಕದಲಿದರೆ ಸಾಕು. ಸ್ಪೀಕರಿನ ದಕ್ಷತೆ ಹೆಚ್ಚಿದಷ್ಟೂ ಅದರ ವಿಕಾರ ಕಡಿಮೆ ಎಂಬುದು ಕ್ಲಿಪ್ಶ್ ಕೊನೆಯವರೆಗೂ ಬಿಡದ ವಾದ. ಈ ಡಗ್ಗಾ ಕೇಳಿದ ಮೇಲೆ ಆ ವಾದದ ಅರ್ಧವನ್ನಾದರೂ ನಾನು ಒಪ್ಪಿದೆ.

ಆಮೇಲೆ ಗಾಯಕಿ ಗಂಗೂಬಾಯಿ ಹಾನಗಲ್. ಅವರ ದನಿಯ ತೂಕ ಎದೆಯಲ್ಲಿದೆ. ಪುಟ್ಟ ಪೆಟ್ಟಿಗೆಗಳಲ್ಲಿ ಆ ತೂಕ ಕರಗಿ ಗಡಸುತನವೊಂದೇ ಉಳಿಯುತ್ತದೆ. ಅವರನ್ನು ಹೊಸದಾಗಿ ಕೇಳುವವರು ‘ಒರಟು’ ಎಂದು ದೂರ ಸರಿಯುವುದಕ್ಕೆ ಅರ್ಧ ಕಾರಣ ಇದೇ ಇರಬೇಕು. ಇಲ್ಲಿ ಮಂದ್ರದ ಒಂದು ನಿಲುಗಡೆಯಲ್ಲಿ ಸ್ವರ ಪೂರ್ತಿ ಮೈದುಂಬಿ ನಿಂತಿತು. ವಾಲ್ಯೂಮ್ ಏರಿಸಬೇಕು ಅನಿಸಲೇ ಇಲ್ಲ. ದೊಡ್ಡ ಸ್ಪೀಕರಿನ ನಿಜವಾದ ಉಪಕಾರ ಇದು: ಸಂಗೀತ ತನ್ನ ಪೂರ್ಣ ಆಕಾರದಲ್ಲಿರುವುದರಿಂದ ಗಟ್ಟಿ ಮಾಡುವ ಅಗತ್ಯವೇ ಬೀಳುವುದಿಲ್ಲ.

ಹಾಗೆಂದು ಇದು ನಿರ್ದೋಷಿಯಲ್ಲ. ಕೆಳಗಿನ ಹಾರ್ನು ಸುಮಾರು 400 ಹರ್ಟ್ಝ್‌ನಲ್ಲಿ ಕೆಲಸ ನಿಲ್ಲಿಸಿ ಮೇಲಿನ ಸ್ವರಗಳ ಹಾರ್ನಿಗೆ ಒಪ್ಪಿಸುತ್ತದೆ. ಮನುಷ್ಯನ ದನಿಯ ಮಟ್ಟಿಗೆ ಇದು ಆಯಕಟ್ಟಿನ ಜಾಗ. ಗಾಯಕನ ಸ್ವರದ ಬುಡ ಒಂದು ಹಾರ್ನಿನಿಂದ, ಅದಕ್ಕೆ ಬಣ್ಣ ಕೊಡುವ ಉಪಸ್ವರಗಳು ಇನ್ನೊಂದರಿಂದ ಬರುತ್ತವೆ. ಸುರುಳಿ ಹಾದಿಯಲ್ಲಿ ಸುತ್ತಿ ಬರುವ ಬುಡ ಕೆಲವು ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ವೇಗದ ತಾನುಗಳಲ್ಲಿ, ಅದರಲ್ಲೂ ಮಲ್ಲಿಕಾರ್ಜುನ ಮನಸೂರರಂಥವರ ಉಸಿರುಬಿಡದ ಹೆಣಿಗೆಯಲ್ಲಿ, ಈ ಹೊಲಿಗೆ ಆಗಾಗ ಕಿವಿಗೆ ತಗಲುತ್ತದೆ. ಸ್ವರ ಮೇಲೇರುವಾಗ ದನಿಯ ಜಾಗವೇ ಒಂದಿಷ್ಟು ಕದಲಿದ ಹಾಗೆ, ಕೆಲವು ಸ್ವರಗಳು ಮೂಗಿನಿಂದ ಬಂದ ಹಾಗೆ. ಹಿತ್ತಾಳೆ ವಾದ್ಯಗಳಿಗೆ, ಜಾಝ್ ಸ್ಯಾಕ್ಸೊಫೋನಿಗೆ ಈ ಗುಣ ಒಗ್ಗುತ್ತದೆ. ಖಯಾಲಿನ ನಿಧಾನದ ಆಲಾಪಕ್ಕೆ ಅಷ್ಟಾಗಿ ಒಗ್ಗುವುದಿಲ್ಲ.

ಈ ಕೊರತೆ ಸರಿಯಾಗಿ ಅರ್ಥವಾಗಬೇಕಾದರೆ ಇಂಗ್ಲೆಂಡಿನ ಹಂಟಿಂಗ್ಡನ್ನಿನಲ್ಲಿ ಪೀಟರ್ ವಾಕರ್ ರೂಪಿಸಿ 1957ರಲ್ಲಿ ಮಾರಾಟಕ್ಕೆ ತಂದ ಕ್ವಾಡ್ ಎಲೆಕ್ಟ್ರೊಸ್ಟಾಟಿಕ್ ಸ್ಪೀಕರನ್ನು ಪಕ್ಕದಲ್ಲಿಟ್ಟು ನೋಡಬೇಕು. ಅದರಲ್ಲಿ ಪೆಟ್ಟಿಗೆಯಿಲ್ಲ, ಹಾರ್ನಿಲ್ಲ, ಕೋನೂ ಇಲ್ಲ. ಸಾವಿರಾರು ವೋಲ್ಟ್ ತುಂಬಿದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಹಿಂದೆ ಮುಂದೆ ತೂತುಗಳಿರುವ ಫಲಕ. ಹಾಳೆ ಎಷ್ಟು ಹಗುರವೆಂದರೆ ಸ್ವರ ನಿಂತೊಡನೆ ಅದೂ ನಿಲ್ಲುತ್ತದೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟು ಮುಗಿದ ಮೇಲೂ ಎಳೆಯುತ್ತ ಹೋಗುವ ಗಮಕದ ಬಾಲ ಕ್ವಾಡಿನಲ್ಲಿ ಕೇಳಿದಷ್ಟು ಸ್ವಚ್ಛವಾಗಿ ನಾನು ಬೇರೆಲ್ಲೂ ಕೇಳಿಲ್ಲ. ಆದರೆ ಅದಕ್ಕೆ ಆಳವಾದ ಬೇಸ್ ಕಷ್ಟ, ಗಟ್ಟಿತನಕ್ಕೂ ಮಿತಿಯಿದೆ. ಪಾಲ್ಘಾಟ್ ಮಣಿ ಅಯ್ಯರ್ ಅವರ ತನಿ ಆವರ್ತನದ ಕೊನೆಯ ಮುಕ್ತಾಯದಲ್ಲಿ ಮೃದಂಗ ಕೋಣೆಯಲ್ಲೇ ಇದೆ ಎಂಬ ಭ್ರಮೆಯನ್ನು ಕ್ಲಿಪ್ಶ್‌ಹಾರ್ನ್ ಹುಟ್ಟಿಸುತ್ತದೆ. ಕ್ವಾಡ್ ಅದನ್ನು ಕಿಟಕಿಯಾಚೆಗೆ ಇಡುತ್ತದೆ. ಒಂದಕ್ಕೆ ಮೈಯಿದೆ, ಇನ್ನೊಂದಕ್ಕೆ ಸೂಕ್ಷ್ಮತೆಯಿದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸುವ ಆಸೆಯೇ ಮುಂದಿನ ದಶಕಗಳ ಲಕ್ಷಾಂತರ ಡಾಲರುಗಳ ಸ್ಪೀಕರುಗಳನ್ನು ಹುಟ್ಟಿಸಿತು.

ಆ ಸಾಲಿನ ತುದಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ವಿಲ್ಸನ್ ಆಡಿಯೊ ಕಂಪನಿಯ ವಾಮ್ ಮಾಸ್ಟರ್ ಕ್ರೊನೊಸಾನಿಕ್ ನಿಂತಿದೆ. ಏಳಡಿಗೂ ಹೆಚ್ಚು ಎತ್ತರ, ಬಿಡುಗಡೆಯಾದಾಗ ಜೋಡಿಗೆ 6,85,000 ಡಾಲರ್. ಕ್ಲಿಪ್ಶ್‌ಹಾರ್ನಿನಲ್ಲಿ ಹೇಳಿದ ತಡದ ಸಮಸ್ಯೆಗೆ ಅದರಲ್ಲಿ ಉತ್ತರವಿದೆ: ನಡುವಿನ, ಮೇಲಿನ ಸ್ವರಗಳ ಡ್ರೈವರುಗಳನ್ನು ಕೇಳುಗನ ಕಿವಿಯ ಎತ್ತರಕ್ಕೆ, ದೂರಕ್ಕೆ ತಕ್ಕಂತೆ ಹಿಂದೆಮುಂದೆ ಸರಿಸಿ, ಎಲ್ಲ ಸ್ವರಗಳೂ ಒಟ್ಟಿಗೆ ತಲುಪುವಂತೆ ಹೊಂದಿಸಬಹುದು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಪ್ರಾಮಾಣಿಕ ಉತ್ತರ. ಬೆಲೆಯ ದೃಷ್ಟಿಯಿಂದ ಪ್ರಶ್ನೆ ಬೇರೆ. ಇಷ್ಟು ದೊಡ್ಡದನ್ನು ಎದುರಿಗಿಟ್ಟುಕೊಂಡು ಕೂತಾಗ ಕೇಳುತ್ತಿರುವುದು ಕಿವಿಯೋ, ಕಣ್ಣೋ?

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಹಚ್ಚಿದವರು ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್. 1994ರಲ್ಲಿ ಅವರು ಕೆಲವು ಸ್ಪೀಕರುಗಳನ್ನು ಒಂದೇ ಗುಂಪಿನ ಕೇಳುಗರಿಗೆ ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಣ್ಣೆದುರಿಗಿಟ್ಟು ಕೇಳಿಸಿದರು. ಕಣ್ಣಿಗೆ ಕಂಡ ಕೂಡಲೇ ಅಂಕಗಳು ಬದಲಾದವು. ಪರದೆಯ ಹಿಂದೆ ಚೆನ್ನಾಗಿಯೇ ಅಂಕ ಪಡೆದಿದ್ದ ಪುಟ್ಟ ಅಗ್ಗದ ಸ್ಪೀಕರ್ ಕಣ್ಣೆದುರಿಗೆ ಬಂದಾಗ ಕೆಳಗಿಳಿಯಿತು, ದೊಡ್ಡವು ಮೇಲೇರಿದವು. ಅನುಭವಸ್ಥರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ದೊಡ್ಡ ಸ್ಪೀಕರುಗಳ ಬಗ್ಗೆ ಬರೆದ ಯಾವ ವರ್ಣನೆಯನ್ನು ಓದುವಾಗಲೂ, ನನ್ನ ಈ ಸಾಲುಗಳನ್ನೂ ಸೇರಿಸಿ, ಈ ಪ್ರಯೋಗವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಗಟ್ಟಿ ವಾಲ್ಯೂಮಿನಲ್ಲಿ ಕಣ್ಣಿನ ಹಾವಳಿ ಇನ್ನೂ ಜಾಸ್ತಿ: ಎತ್ತರದ ಪೆಟ್ಟಿಗೆ, ಅದುರುವ ನೆಲ, ಎರಡೂ ಸೇರಿ ತೀರ್ಪು ಮೊದಲೇ ಬರೆದುಬಿಡುತ್ತವೆ.

ಇನ್ನು ಕೋಣೆ. ಐದು ಮೀಟರ್ ಉದ್ದದ ಹಾಲಿನಲ್ಲಿ 34 ಹರ್ಟ್ಝ್ ಆಸುಪಾಸಿನ ಸ್ವರ ಗೋಡೆಯಿಂದ ಗೋಡೆಗೆ ನಿಂತ ಅಲೆಯಾಗುತ್ತದೆ. ಗೋಡೆಯ ಪಕ್ಕ ಕೂತವರಿಗೆ ಅದು ಗುಡುಗು, ನಡುವೆ ಕೂತವರಿಗೆ ಮಾಯ. ಅಮೆರಿಕದ ಮನೆಗಳ ಮರದ ಚೌಕಟ್ಟಿನ ತೆಳು ಗೋಡೆ ಒಂದಷ್ಟು ಬೇಸನ್ನು ಹೀರಿಕೊಳ್ಳುತ್ತದೆ, ಒಂದಷ್ಟನ್ನು ಆಚೆ ಬಿಡುತ್ತದೆ. ನಮ್ಮ ಇಟ್ಟಿಗೆ-ಕಾಂಕ್ರೀಟಿನ ಗೋಡೆ ಎಲ್ಲವನ್ನೂ ಹಿಂದಕ್ಕೆ ಎಸೆಯುತ್ತದೆ. ಗ್ರಾನೈಟ್ ನೆಲ, ಗಾಜಿನ ಕಿಟಕಿ ಮೇಲಿನ ಸ್ವರಗಳಿಗೆ ಅದನ್ನೇ ಮಾಡುತ್ತವೆ. ವಿಚಿತ್ರವೆಂದರೆ ಕ್ಲಿಪ್ಶ್‌ಹಾರ್ನಿಗೆ ನಮ್ಮ ಗೋಡೆ ಹೇಳಿಮಾಡಿಸಿದ್ದು. ಹಾರ್ನಿನ ಬಾಯಿಯೇ ಗೋಡೆಯಾದ್ದರಿಂದ ಅದು ಅಲುಗದಷ್ಟೂ ಒಳ್ಳೆಯದು. ಆದರೆ ಒಂದೇ ಗೋಡೆಯ ಎರಡೂ ತುದಿಗೆ ಖಾಲಿ ಮೂಲೆಯಿರುವ ಹಾಲು ನಮ್ಮಲ್ಲಿ ಎಷ್ಟಿವೆ? ಒಂದು ಮೂಲೆಯಲ್ಲಿ ಬಾಲ್ಕನಿಯ ಬಾಗಿಲು, ಇನ್ನೊಂದರಲ್ಲಿ ದೇವರಮನೆ. ಆಂಪ್ಲಿಫೈಯರು, ಕೇಬಲ್ಲುಗಳಿಗೆ ಹಣ ಸುರಿಯುವ ಮುನ್ನ ಒಂದು ದಪ್ಪ ಜಮಖಾನ, ಗೋಡೆಗೆ ಪುಸ್ತಕದ ಕಪಾಟು ಹಾಕಿಸುವುದು ಜಾಣತನ. ಕೂರುವ ಜಾಗವನ್ನು ಒಂದೆರಡು ಅಡಿ ಸರಿಸಿ ನೋಡುವುದಕ್ಕಂತೂ ಖರ್ಚೇ ಇಲ್ಲ.

ನಮ್ಮ ಸಂಗೀತಕ್ಕೆ ಇಷ್ಟು ದೊಡ್ಡ ಸ್ಪೀಕರ್ ಬೇಕೇ ಎಂಬ ಪ್ರಶ್ನೆ ಸಹಜ. ಚರ್ಚಿನ ದೊಡ್ಡ ಆರ್ಗನ್ನು 16 ಹರ್ಟ್ಝ್‌ವರೆಗೆ ಇಳಿಯುತ್ತದೆ, ಪಿಯಾನೊ 27.5ರವರೆಗೆ. ಗಂಡುದನಿಗೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿ 65ರಿಂದ 70ರ ನಡುವೆ ನಿಲ್ಲುತ್ತದೆ. ಅಂದರೆ ಆಳದ ಲೆಕ್ಕದಲ್ಲಿ ನಮಗೆ ಇಷ್ಟು ದೈತ್ಯ ಬೇಡ. ಆದರೆ ತಂಬೂರಿ ಆಳವನ್ನು ಕೇಳುವುದಿಲ್ಲ, ಶಾಂತಿಯನ್ನು ಕೇಳುತ್ತದೆ. ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಕಲ್ಕತ್ತೆಯಲ್ಲಿದ್ದಾಗ ವೀಣೆ, ತಂಬೂರಿಗಳ ತಂತಿಗಳನ್ನು ಪರೀಕ್ಷಿಸಿದ್ದರು. ತಂತಿಯನ್ನು ಮೀಟಿದ ಜಾಗಕ್ಕನುಗುಣವಾಗಿ ಕೆಲವು ಉಪಸ್ವರಗಳು ಹುಟ್ಟಲೇಬಾರದು ಎಂಬುದು ಯುರೋಪಿನ ವಾದ್ಯಗಳಿಂದ ಬಂದ ನಿಯಮ. ತಂಬೂರಿಯ ಅಗಲವಾದ, ತುಸು ಬಾಗಿದ ಕುದುರೆಯ ಮೇಲೆ ಆ ಉಪಸ್ವರಗಳೂ ಎದ್ದು ಬರುತ್ತವೆ ಎಂದು ಅವರು ತೋರಿಸಿದರು. ತಂತಿ ಝೇಂಕರಿಸುವಂತೆ ಕುದುರೆಯ ಮೇಲೆ ಜವಾರಿ ಕೂತ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುವುದು ಈ ಉಪಸ್ವರಗಳ ಬಲದಿಂದ. ಈ ಗಾಂಧಾರ ಬಲು ಮೆಲುದನಿಯದು. ಸ್ಪೀಕರು ತನ್ನದೇ ಗೊಣಗನ್ನು ಸೇರಿಸಿದರೆ ಮೊದಲು ಮುಳುಗುವುದು ಇದೇ.

ದೊಡ್ಡ ಸ್ಪೀಕರಿನ ಕೈಲಾಗದ್ದನ್ನೂ ಹೇಳಬೇಕು. ಹಳೆಯ ಧ್ವನಿಮುದ್ರಿಕೆಯಲ್ಲಿ ಇಲ್ಲದ್ದನ್ನು ಅದು ಹುಟ್ಟಿಸಲಾರದು. ಸಂಗೀತ ನಿರ್ದೇಶಕರಾದ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಕಾಲದ ಸಿನಿಮಾ ಹಾಡುಗಳು ಬಹುಪಾಲು ಕೇಳುಗರನ್ನು ತಲುಪಿದ್ದು ರೇಡಿಯೊದಿಂದ. ಅವನ್ನು ಈ ದೈತ್ಯರಲ್ಲಿ ಕೇಳಿದರೆ ಪಿಟೀಲುಗಳ ಗುಂಪು ಚುರುಕಾಗಿ ಚುಚ್ಚುತ್ತದೆ, ಮೈಕಿನ ಒರಟು ಹೊರಬೀಳುತ್ತದೆ, ಹಾಡಿನ ಒಟ್ಟಂದ ಚದುರುತ್ತದೆ. ಇನ್ನೊಂದು ದೋಷ ಗಾತ್ರದ್ದು. ಸಣ್ಣ ಕೋಣೆಯಲ್ಲಿ ಹತ್ತಿರ ಕೂತು ಕೇಳಿದರೆ ಹಾಡುವವರ ಬಾಯಿ ಬಾಗಿಲಿನಷ್ಟು ಅಗಲವಾಗಿ, ತಂಬೂರಿ ಗೋಡೆ ತುಂಬ ಹಬ್ಬಿ ಕಾಣುತ್ತದೆ. ಬೈಠಕ್ಕಿನಲ್ಲಿ ಎದುರು ಕೂತು ಕೇಳಿದವರಿಗೆ ಇದು ಸುಳ್ಳೆಂದು ಥಟ್ಟನೆ ಗೊತ್ತಾಗುತ್ತದೆ. ಹತ್ತು-ಹನ್ನೆರಡು ಅಡಿ ಹಿಂದೆ ಸರಿಯಲು ಜಾಗವಿಲ್ಲದ ಮನೆಗೆ ಆಳೆತ್ತರದ ಸ್ಪೀಕರ್ ತರುವುದು ದುಡ್ಡು ಕೊಟ್ಟು ಜಗಳ ತಂದಂತೆ.

ಹಾಗಾದರೆ ನನ್ನ ತೀರ್ಪು? ಖಾಲಿ ಮೂಲೆಗಳಿರುವ ವಿಶಾಲ ಹಾಲು, ತಾಳವಾದ್ಯದ ಮೇಲೆ ಪ್ರೀತಿ, ಮೆಲ್ಲಗೆ ಕೇಳುವ ಅಭ್ಯಾಸ, ಈ ಮೂರೂ ಇರುವವರಿಗೆ ಕ್ಲಿಪ್ಶ್‌ಹಾರ್ನ್ ಇಂದಿಗೂ ಅಪರೂಪದ ವಸ್ತು; ಅದರ ಹೊಲಿಗೆಯ ಗುರುತನ್ನು ಅವರು ಕ್ಷಮಿಸಬಹುದು. ಗಾಯನವೇ ಸರ್ವಸ್ವ ಎನ್ನುವವರು ಬೇಸಿನ ಆಸೆ ಬಿಟ್ಟು ಕ್ವಾಡ್ ಜಾತಿಯ ಸ್ಪೀಕರ್ ಹುಡುಕುವುದು ಮೇಲು. ಉಳಿದ ನಮ್ಮಂಥವರ ಹಾಲಿಗೆ ಒಳ್ಳೆಯದೊಂದು ಮಧ್ಯಮ ಗಾತ್ರದ ಜೋಡಿ ಧಾರಾಳ ಸಾಕು. ಯಾವುದನ್ನೇ ಕೊಳ್ಳಲು ಹೋದರೂ ತೈಕೊ ನಗಾರಿಯನ್ನು ನಿಲ್ಲಿಸಿ ಎಂದು ಅಂಗಡಿಯವರಿಗೆ ಹೇಳಿ. ನಿಮ್ಮ ಮನೆಯಿಂದಲೇ ಒಯ್ದ ತಂಬೂರಿಯ ಧ್ವನಿಮುದ್ರಿಕೆ ಹಾಕಿಸಿ, ವಾಲ್ಯೂಮನ್ನು ಮಾತಿನ ಮಟ್ಟಕ್ಕೆ ಇಳಿಸಿ, ಕಣ್ಣು ಮುಚ್ಚಿ. ಖರ್ಜದ ತಂತಿಯಿಂದ ಗಾಂಧಾರ ಎದ್ದು ಬಂದರೆ ಬೆಲೆ ಕೇಳಿ. ಅದಕ್ಕಾಗಿ ವಾಲ್ಯೂಮ್ ತಿರುಗಿಸಬೇಕಾಗಿ ಬಂದರೆ, ಸ್ಪೀಕರು ಎಷ್ಟೇ ಎತ್ತರವಿರಲಿ, ಅಲ್ಲಿಂದ ಎದ್ದು ಬನ್ನಿ.