ಗಾಳಿಯನ್ನು ತಡೆದು ಜನರನ್ನು ಬಿಡುವ ಬಾಗಿಲು

ಗೋವಾದ ದಾಬೋಲಿಮ್‌ನ ಮಳೆಗಾಲದಲ್ಲಿ ಎಸಿ ಕಟ್ಟಡದ ಬಾಗಿಲು ತೆರೆದಾಗಲೆಲ್ಲ ಕಡಲ ಕಡೆಯ ತೇವ ಒಳನುಗ್ಗುತ್ತದೆ, ತಂಪು ಹೊರಗೆ ಸೋರುತ್ತದೆ. ಇಂಥ ಹವೆಗೆ ತಿರುಗುಬಾಗಿಲಿನಷ್ಟು ಜಾಣ ಉತ್ತರ ನನಗೆ ಬೇರೆ ಕಂಡಿಲ್ಲ. ಅದರ ರೆಕ್ಕೆಗಳು ಎಲ್ಲಿಗೇ ತಿರುಗಿರಲಿ, ಎರಡೂ ಬದಿಯಲ್ಲಿ ಒಂದಲ್ಲ ಒಂದು ರೆಕ್ಕೆಯ ಅಂಚಿನ ರಬ್ಬರ್ ಅಥವಾ ಬ್ರಷ್ ಪಟ್ಟಿ ದುಂಡು ಗೋಡೆಗೆ ತಾಗಿಕೊಂಡೇ ಇರುತ್ತದೆ. ಹಾಗಾಗಿ ಬಾಗಿಲು ಜನರಿಗೆ ಸದಾ ತೆರೆದಿದ್ದರೂ ಗಾಳಿಗೆ ಸದಾ ಮುಚ್ಚಿರುತ್ತದೆ. ಒಳಹೊರಗೆ ದಾಟುವುದು ರೆಕ್ಕೆಗಳ ನಡುವಿನ ಖಾನೆಯೊಳಗಿನ ಗಾಳಿ ಮಾತ್ರ. 1888ರಲ್ಲಿ ಫಿಲಡೆಲ್ಫಿಯಾದ ಥಿಯೋಫಿಲಸ್ ವ್ಯಾನ್ ಕ್ಯಾನೆಲ್ ಪೇಟೆಂಟ್ ಪಡೆದ ಈ ಯೋಚನೆಯ ಸರಳತೆ ಇಂದಿಗೂ ಮಾಸಿಲ್ಲ.

ಆದರೆ ಅದನ್ನು ತಿದ್ದಿದ್ದು ಒಂದು ದುರಂತ. 1942ರಲ್ಲಿ ಬಾಸ್ಟನ್ನಿನ ಕೋಕೋನಟ್ ಗ್ರೋವ್ ನೈಟ್‌ಕ್ಲಬ್‌ಗೆ ಬೆಂಕಿ ಬಿದ್ದಾಗ, ಓಡಿಬಂದವರ ಒತ್ತಡಕ್ಕೆ ಮುಂದಿನ ತಿರುಗುಬಾಗಿಲು ಅಲುಗದೆ ಸಿಕ್ಕಿಕೊಂಡಿತು. ಆ ರಾತ್ರಿಯ ಬೆಂಕಿಗೆ 492 ಜನ ಬಲಿಯಾದರು. ಆಮೇಲೆ ಒತ್ತಿದರೆ ಮಡಚಿ ದಾರಿ ಬಿಡುವ ರೆಕ್ಕೆಗಳು, ಪಕ್ಕದಲ್ಲಿ ಹೊರಕ್ಕೆ ತೆರೆಯುವ ಮಾಮೂಲಿ ಬಾಗಿಲು ನಿಯಮಗಳಾದವು. ಗಾಲಿಕುರ್ಚಿಯವರಿಗೂ ಆ ಪಕ್ಕದ ಬಾಗಿಲು ಬೇಕೇಬೇಕು.

ಇನ್ನು ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳುವವರಿಗೆ ನಾಲ್ಕು ರೆಕ್ಕೆಯ ಸಣ್ಣ ಬಾಗಿಲು ಇಕ್ಕಟ್ಟು. ಅವರಿಗೆಂದೇ ಅಗಲವಾದ, ಎರಡೇ ರೆಕ್ಕೆಯ ಬಾಗಿಲು ಬಂದಿದೆ. ಮೋಟಾರು ನಿಧಾನವಾಗಿ ತಿರುಗಿಸುತ್ತದೆ, ಯಾರಾದರೂ ಅಡ್ಡ ಸಿಕ್ಕರೆ ಸೆನ್ಸರ್ ಥಟ್ಟನೆ ನಿಲ್ಲಿಸುತ್ತದೆ.