ಮಾದರಿ ವಿಮಾನ: ರಿಮೋಟಿಗಿಂತ ಮೊದಲು ತಕ್ಕಡಿ

ಕೆಲವು ವರ್ಷಗಳಿಂದ ನಮ್ಮ ಶಾಲಾ ಕಾಲೇಜುಗಳಲ್ಲಿ ‘ಏರೋಮಾಡೆಲಿಂಗ್ ಕಾರ್ಯಾಗಾರ’ಗಳು ನಡೆಯುತ್ತಿರುವುದನ್ನು ನೀವು ಗಮನಿಸಿರಬಹುದು. ಬೆಳಗ್ಗೆ ಉದ್ಘಾಟನೆ, ಅನಂತರ ಪರದೆಯ ಮೇಲೆ ಚಿತ್ರಗಳೊಂದಿಗೆ ಒಂದು ಗಂಟೆಯ ಉಪನ್ಯಾಸ, ಐವರಿಗೆ ಒಂದರಂತೆ ಕಿಟ್ ವಿತರಣೆ, ಊಟದ ಬಳಿಕ ಅಂಟಿಸುವ ಕೆಲಸ, ಸಂಜೆ ನಾಲ್ಕಕ್ಕೆ ಮೈದಾನದಲ್ಲಿ ಹಾರಾಟ. ಮರುದಿನ ಪತ್ರಿಕೆಯಲ್ಲಿ ವಿಮಾನ ಎತ್ತಿ ಹಿಡಿದ ವಿದ್ಯಾರ್ಥಿಗಳ ಚಿತ್ರ ಬರುತ್ತದೆ. ಅಲ್ಲಿಗೆ ಮುಗಿಯಿತು. ಆ ವಿಮಾನ ಪ್ರಯೋಗಾಲಯದ ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂರುತ್ತದೆ.

ಪುತ್ತೂರು ಕಡೆಯ ಒಂದು ಕಾಲೇಜಿನಲ್ಲಿ ನಡೆದ ಇಂಥ ಕಾರ್ಯಾಗಾರಕ್ಕೆ ನಾನೂ ಹೋಗಿದ್ದೆ. ತರಬೇತುದಾರರು ತಾವು ತಂದಿದ್ದ ವಿಮಾನವನ್ನು ಸೊಗಸಾಗಿ ಹಾರಿಸಿದರು. ಬೆಸುಗೆ ಹಾಕುವುದನ್ನು, ಸರ್ವೊ ಮೋಟಾರನ್ನು ಜೋಡಿಸುವುದನ್ನು ಅಚ್ಚುಕಟ್ಟಾಗಿ ಕಲಿಸಿದರು. ಆ ಮೆಚ್ಚುಗೆಯನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ವಿದ್ಯಾರ್ಥಿಗಳು ಜೋಡಿಸಿದ ವಿಮಾನವನ್ನು ಪೂರ್ತಿ ಥ್ರಾಟಲ್ ಕೊಟ್ಟು ಎಸೆದಾಗ ಅದು ಮೂತಿ ಮೇಲೆತ್ತಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ಹಿಂದಕ್ಕೆ ಮಗುಚಿ ಮೈದಾನದಂಚಿನ ಅಡಿಕೆ ತೋಟಕ್ಕೆ ಬಿತ್ತು. ದೋಟಿ ತಂದು ಇಳಿಸಬೇಕಾಯಿತು. ರಿಮೋಟ್ ಹಿಡಿದಿದ್ದವನು ಕಡಬ ಕಡೆಯ ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿ. “ನನ್ನ ಕೈಯೇ ಸರಿಯಿಲ್ಲ ಸರ್, ಇದೆಲ್ಲ ನನಗೆ ಆಗುವ ಕೆಲಸ ಅಲ್ಲ” ಎಂದ. ತರಬೇತುದಾರರೂ “ಅಭ್ಯಾಸ ಸಾಲದು” ಎಂದು ತಲೆಯಾಡಿಸಿದರು. ಈ ಲೇಖನ ಹುಟ್ಟಿದ್ದು ಆ ಎರಡು ಮಾತುಗಳಿಂದ.

ಕೆಲವು ದಿನಗಳ ಮೇಲೆ ಆ ವಿಮಾನವನ್ನು ಎರವಲು ಪಡೆದು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟೆ. 740 ಗ್ರಾಂ. ರೆಕ್ಕೆಯ ಉದ್ದ 1 ಮೀಟರ್, ಅಗಲ 20 ಸೆಂಟಿಮೀಟರ್. ಅಂದರೆ ವಿಸ್ತೀರ್ಣ 0.2 ಚದರ ಮೀಟರ್. ಕಾರ್ಯಾಗಾರದ ಇಡೀ ದಿನದಲ್ಲಿ ಯಾರೂ ಅದನ್ನು ತೂಗಿರಲಿಲ್ಲ.

ಮೊದಲು ಉಪನ್ಯಾಸದ ವಿಷಯ. ಪರದೆಯ ಮೇಲೆ ಬಂದದ್ದು ನಮ್ಮ ಅನೇಕ ತರಗತಿಗಳಲ್ಲೂ ಕೇಳಿಬರುವ ವಿವರಣೆಯೇ: ರೆಕ್ಕೆಯ ಮೇಲ್ಮೈ ಉಬ್ಬಿರುವುದರಿಂದ ಮೇಲಿನ ಗಾಳಿ ಹೆಚ್ಚು ದೂರ ಸಾಗಬೇಕು, ಕೆಳಗಿನ ಗಾಳಿಯೊಂದಿಗೆ ಒಂದೇ ಸಮಯಕ್ಕೆ ಹಿಂದಂಚನ್ನು ತಲುಪಬೇಕಾದ್ದರಿಂದ ಅದು ವೇಗವಾಗಿ ಹೋಗುತ್ತದೆ, ಬರ್ನೌಲಿ ತತ್ತ್ವದಂತೆ ಮೇಲೆ ಒತ್ತಡ ಕಡಿಮೆಯಾಗಿ ರೆಕ್ಕೆ ಏಳುತ್ತದೆ. ಕೇಳಲು ಚೆನ್ನಾಗಿದೆ. ಒಂದು ನೂಲು ತೆಗೆದುಕೊಂಡು ಪರೀಕ್ಷಿಸೋಣ.

ಈ ವಿಮಾನದ ರೆಕ್ಕೆಯ ಮೇಲ್ಮೈಯನ್ನು ನೂಲಿನಿಂದ ಅಳೆದರೆ 20.4 ಸೆಂ.ಮೀ., ಕೆಳಮೈ 20 ಸೆಂ.ಮೀ. ವ್ಯತ್ಯಾಸ ನೂರಕ್ಕೆ ಎರಡು. ಸಮಾನ ಸಮಯದ ವಾದ ಸರಿಯಾದರೆ ಮೇಲಿನ ಗಾಳಿಯ ವೇಗವೂ ನೂರಕ್ಕೆ ಎರಡರಷ್ಟೇ ಹೆಚ್ಚು. ವೇಗದ ವರ್ಗ ನೂರಕ್ಕೆ ಸುಮಾರು ನಾಲ್ಕರಷ್ಟು ಹೆಚ್ಚುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.16 ಕಿಲೋಗ್ರಾಂ, ವಿಮಾನದ ವೇಗ ಸೆಕೆಂಡಿಗೆ 7.9 ಮೀಟರ್ ಎಂದಿಟ್ಟುಕೊಳ್ಳಿ. ಲೆಕ್ಕ ಮಾಡಿದರೆ ಸಿಗುವ ಎತ್ತುಬಲ 0.3 ನ್ಯೂಟನ್‌ಗೂ ಕಡಿಮೆ. ಅಂದರೆ 740 ಗ್ರಾಂ ಹೊರಬೇಕಾದ ರೆಕ್ಕೆ 30 ಗ್ರಾಂ ಹೊತ್ತೀತು! ವಾದದಲ್ಲಿ ತಪ್ಪಿರುವುದು ಬರ್ನೌಲಿಯದಲ್ಲ. ಎರಡೂ ಗಾಳಿ ಒಟ್ಟಿಗೆ ತಲುಪಲೇಬೇಕೆಂಬ ಊಹೆಯದು. ಹಾಗೆ ತಲುಪಬೇಕೆಂದು ಪ್ರಕೃತಿಯಲ್ಲಿ ಯಾವ ನಿಯಮವೂ ಇಲ್ಲ. ನಿಜವಾಗಿ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂದಂಚನ್ನು ತಲುಪುತ್ತದೆ.

ರೆಕ್ಕೆ ಮಾಡುವ ಕೆಲಸ ಗಾಳಿಯನ್ನು ಕೆಳಕ್ಕೆ ತಿರುಗಿಸುವುದು. ಗಾಳಿಗೆ ಕೆಳಮುಖ ಸಂವೇಗ ಸಿಕ್ಕಿದರೆ ರೆಕ್ಕೆಗೆ ಅದರ ಪ್ರತಿಕ್ರಿಯೆ ಮೇಲ್ಮುಖ. ಒತ್ತಡದ ವ್ಯತ್ಯಾಸವೂ ಇದೇ ಘಟನೆಯ ಇನ್ನೊಂದು ಮುಖ. ಇಲ್ಲಿ ಮುಖ್ಯವಾದದ್ದು ರೆಕ್ಕೆ ಗಾಳಿಗೆ ಒಡ್ಡುವ ಕೋನ. ಚಪ್ಪಟೆ ಥರ್ಮೊಕೋಲ್ ಹಾಳೆಯ ರೆಕ್ಕೆಯೂ ಹಾರುತ್ತದೆ, ವಿಮಾನ ಅಂಗಾತವಾಗಿಯೂ ಹಾರಬಲ್ಲದು ಎಂಬುದನ್ನು ಉಬ್ಬಿನ ಕಥೆ ವಿವರಿಸಲಾರದು. ಇದು ಬರಿಯ ಪಾಂಡಿತ್ಯದ ಜಗಳವಲ್ಲ. ಉಬ್ಬಿನಿಂದಲೇ ವಿಮಾನ ಹಾರುತ್ತದೆಂದು ನಂಬಿದ ವಿದ್ಯಾರ್ಥಿ ರೆಕ್ಕೆಯ ಉಬ್ಬನ್ನು ನೋಡುತ್ತಾನೆ. ಕೋನವನ್ನು, ತೂಕವನ್ನು, ಸಮತೋಲವನ್ನು ನೋಡುವುದಿಲ್ಲ. ಬಿದ್ದ ವಿಮಾನದಲ್ಲಿ ಆಗಿದ್ದೂ ಅದೇ.

ತೂಕದ ವರ್ಗ

ಎತ್ತುಬಲ ಎಂದರೆ ಅರ್ಧ × ಗಾಳಿಯ ಸಾಂದ್ರತೆ × ವೇಗದ ವರ್ಗ × ರೆಕ್ಕೆಯ ವಿಸ್ತೀರ್ಣ × ಎತ್ತುಬಲ ಗುಣಾಂಕ. ಕೋನ ಹೆಚ್ಚಿದಂತೆ ಗುಣಾಂಕ ಏರುತ್ತದೆ. ನಮ್ಮಂಥ ಸಣ್ಣ ರೆಕ್ಕೆಗಳಲ್ಲಿ 1ರ ಆಸುಪಾಸಿಗೆ ಬಂದಾಗ ಗಾಳಿ ಮೇಲ್ಮೈಯನ್ನು ಬಿಟ್ಟು ಚದರಿ, ಎತ್ತುಬಲ ಕುಸಿಯುತ್ತದೆ. ಇದೇ ಸ್ಟಾಲ್. ಗುಣಾಂಕ 1 ಎಂದು ಹಿಡಿದರೆ 740 ಗ್ರಾಂ ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಸೆಕೆಂಡಿಗೆ 7.9 ಮೀಟರ್, ಗಂಟೆಗೆ ಸುಮಾರು 28 ಕಿ.ಮೀ. ಇದೇ ರೆಕ್ಕೆಯ ಮೇಲೆ ಒಟ್ಟು ತೂಕವನ್ನು 500 ಗ್ರಾಂಗೆ ಇಳಿಸಿದರೆ 6.5 ಮೀಟರ್ ಸಾಕು.

ವ್ಯತ್ಯಾಸ ಚಿಕ್ಕದೆನಿಸಿತೇ? ನೆಲಕ್ಕೆ ಬಡಿಯುವಾಗಿನ ಚಲನಶಕ್ತಿಯನ್ನು ನೋಡಿ. ಮೊದಲನೆಯದು 23 ಜೂಲ್, ಎರಡನೆಯದು 10.6 ಜೂಲ್. ಕನಿಷ್ಠ ವೇಗದ ವರ್ಗ ತೂಕಕ್ಕೆ ಅನುಪಾತದಲ್ಲಿರುವುದರಿಂದ ಬೀಳುವಾಗಿನ ಶಕ್ತಿ ತೂಕದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ತೂಕ ಇಮ್ಮಡಿಯಾದರೆ ಪೆಟ್ಟು ನಾಲ್ಮಡಿ. ಹೊಸಬರ ವಿಮಾನ ಬೀಳುವುದು ಖಚಿತ. ಬಿದ್ದ ಮೇಲೂ ಉಳಿಯಬೇಕು. ‘ಗಟ್ಟಿಯಾಗಲಿ’ ಎಂದು ಅಂಟು, ಟೇಪು, ಪ್ಲೈವುಡ್ ಹೇರುವವರು ವಿಮಾನವನ್ನು ಗಟ್ಟಿ ಮಾಡುತ್ತಿಲ್ಲ, ಪೆಟ್ಟನ್ನು ಗಟ್ಟಿ ಮಾಡುತ್ತಿದ್ದಾರೆ.

ಇನ್ನು ಗುರುತ್ವಕೇಂದ್ರ. ಆಯತಾಕಾರದ ರೆಕ್ಕೆಯಿದ್ದು ಹಿಂದೆ ಬಾಲವಿರುವ ಸಾಮಾನ್ಯ ಮಾದರಿಯಲ್ಲಿ ಅದು ಮುಂದಂಚಿನಿಂದ ರೆಕ್ಕೆಯ ಅಗಲದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. 20 ಸೆಂ.ಮೀ. ಅಗಲದ ರೆಕ್ಕೆಗೆ 5ರಿಂದ 6.6 ಸೆಂ.ಮೀ. ಅದಕ್ಕಿಂತ ಹಿಂದೆ ಹೋದರೆ, ಮೂತಿ ತುಸು ಎದ್ದಾಗ ಅದನ್ನು ಮತ್ತೆ ತಗ್ಗಿಸಬೇಕಾದ ಬಾಲದ ಪ್ರಭಾವ ಕುಂದುತ್ತದೆ. ತೀರಾ ಹಿಂದಾದರೆ ಎದ್ದ ಮೂತಿ ಇನ್ನಷ್ಟು ಏಳುತ್ತದೆ. ಎರಡು ಬೆರಳ ತುದಿಗಳ ಮೇಲೆ ರೆಕ್ಕೆಯನ್ನಿಟ್ಟು ತೂಗಿ ನೋಡಲು ಅರ್ಧ ನಿಮಿಷವೂ ಬೇಡ. ನಾನು ನೋಡಿದಾಗ ಈ ವಿಮಾನ ಸಮತೋಲಕ್ಕೆ ಬಂದದ್ದು 7.6 ಸೆಂ.ಮೀ.ಗೆ. ಬ್ಯಾಟರಿಯನ್ನು ತೂರಿಸಲು ಅನುಕೂಲವೆಂದು ರೆಕ್ಕೆಯ ಹಿಂಭಾಗದ ಕೆಳಗೆ ಇಟ್ಟಿದ್ದರು. ಇಂಥ ವಿಮಾನವನ್ನು ಪೂರ್ತಿ ಥ್ರಾಟಲ್ ಕೊಟ್ಟು ಎಸೆದರೆ ಅನುಭವಸ್ಥನೂ ತಿಣುಕುತ್ತಾನೆ. ಹುಡುಗನ ಕೈಯಲ್ಲಿ ತಪ್ಪಿರಲಿಲ್ಲ.

ಮೋಟಾರಿಲ್ಲದೆ ಮೊದಲು

ನನ್ನ ಮುಖ್ಯ ಆಕ್ಷೇಪ ಕಲಿಕೆಯ ಕ್ರಮದ ಬಗ್ಗೆ. ಕಾರ್ಯಾಗಾರಗಳು ಆರಂಭಿಸುವುದು ಮೋಟಾರ್ ಮತ್ತು ರಿಮೋಟಿನಿಂದ. ಹಾರಾಟದ ಇತಿಹಾಸ ಹಾಗೆ ನಡೆದಿಲ್ಲ. ಫ್ರಾನ್ಸಿನ ಆಲ್ಫೋನ್ಸ್ ಪೆನೊ 1871ರಲ್ಲಿ ರಬ್ಬರ್ ಎಳೆಯ ತಿರುಚಿನಿಂದ ಹಾರುವ ಪುಟ್ಟ ಮಾದರಿಯೊಂದನ್ನು ಮಾಡಿ, ಬಾಲವನ್ನು ತಕ್ಕ ಕೋನದಲ್ಲಿಟ್ಟರೆ ವಿಮಾನ ತಾನಾಗಿ ಸ್ಥಿರವಾಗಿರುತ್ತದೆಂದು ತೋರಿಸಿದ. ರೈಟ್ ಸೋದರರು 1900, 1901, 1902ರಲ್ಲಿ ಗ್ಲೈಡರುಗಳನ್ನು ಹಾರಿಸಿದ ಮೇಲೆ 1903ರಲ್ಲಿ ಎಂಜಿನ್ ಹೂಡಿದರು. 1901ರಲ್ಲಿ ನಿರೀಕ್ಷಿಸಿದಷ್ಟು ಎತ್ತುಬಲ ಸಿಗದಿದ್ದಾಗ ಅವರು ಗಾಳಿ ಸುರಂಗ ಕಟ್ಟಿ ಅಳೆಯಲು ಕುಳಿತರು. ನಮ್ಮ ಬೆಂಗಳೂರಿನಲ್ಲೂ ಡಾ. ವಿ. ಎಂ. ಘಾಟಗೆ ಅವರು ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಮೊದಲು ವಿನ್ಯಾಸ ಮಾಡಿದ್ದು ಹತ್ತು ಆಸನಗಳ ಗ್ಲೈಡರನ್ನು. ಎಚ್‌ಟಿ-2 ತರಬೇತಿ ವಿಮಾನ ಹಾರಿದ್ದು ಆಮೇಲೆ, 1951ರಲ್ಲಿ.

ಆದ್ದರಿಂದ ನೀವು ಮೊದಲು ಒಂದು ಕೈಗ್ಲೈಡರ್ ಮಾಡಿ. ರೆಕ್ಕೆ 60 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲ. ಬಾಲದ ಅಡ್ಡರೆಕ್ಕೆಯ ವಿಸ್ತೀರ್ಣ ಅದರ ಐದನೇ ಒಂದು ಭಾಗ, ರೆಕ್ಕೆಯಿಂದ ಒಂದು ಅಡಿಯಷ್ಟು ಹಿಂದೆ. ರೆಕ್ಕೆಯ ಎರಡೂ ತುದಿಗಳು ನಡುವಿಗಿಂತ 4 ಸೆಂ.ಮೀ. ಮೇಲಿರಲಿ, ಒಂದು ಕಡೆ ವಾಲಿದಾಗ ತಾನಾಗಿ ನೆಟ್ಟಗಾಗಲು ಇದು ನೆರವಾಗುತ್ತದೆ. ಒಟ್ಟು ತೂಕ 60 ಗ್ರಾಂ ಮೀರದಿದ್ದರೆ ಅದರ ಕನಿಷ್ಠ ವೇಗ ಸೆಕೆಂಡಿಗೆ 4 ಮೀಟರಿಗಿಂತ ಕಡಿಮೆ. ಜೊತೆಯಲ್ಲೇ ಓಡಬಹುದು.

ಸಾಮಗ್ರಿಗೆ ಬೆಂಗಳೂರಿಗೆ ಬರೆಯಬೇಕಿಲ್ಲ. ಪ್ಯಾಕಿಂಗ್ ಥರ್ಮೊಕೋಲ್ ಸಾಕು. ರೆಕ್ಕೆ ಬಾಗದಂತೆ ತೆಂಗಿನ ಗರಿಯ ಕಡ್ಡಿಗಳನ್ನೋ ಸೀಳಿದ ಬಿದಿರನ್ನೋ ಅಂಟಿಸಿ. ಪುಸ್ತಕಗಳು ಬಾಲ್ಸಾ ಮರ ಎನ್ನುತ್ತವೆ. ಅದು ಘನಮೀಟರಿಗೆ ಸುಮಾರು 160 ಕಿಲೋಗ್ರಾಂ ಮಾತ್ರ ತೂಗುವ ದಕ್ಷಿಣ ಅಮೆರಿಕದ ಮರ. ಆಟಿ ಅಮಾವಾಸ್ಯೆಯಂದು ನಾವು ತೊಗಟೆಯ ಕಷಾಯ ಕುಡಿಯುವ ಪಾಲೆ ಮರ ಹಗುರವೇ, ಆದರೆ ಬಾಲ್ಸಾಕ್ಕಿಂತ ಎರಡು ಪಟ್ಟಿಗೂ ಹೆಚ್ಚು ತೂಕ. ಮೂತಿಯ ತುಂಡಿಗೆ ಬಳಸಿ, ರೆಕ್ಕೆಗೆ ಬೇಡ. ತೋಟದ ಕಾರ್ಬನ್ ಫೈಬರ್ ದೋಟಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಟೊಳ್ಳು ಕೊಳವೆ ಏಕೆ ಅಷ್ಟು ಬಿಗಿ ಎಂದು ಕೇಳಿ. ರೆಕ್ಕೆಯ ಒಳಕಂಬದ ಪಾಠ ಅಲ್ಲೇ ಸಿಗುತ್ತದೆ. ಅಂಟಿಗೆ ಬಿಳಿ ಫೆವಿಕಾಲ್ ಒಳ್ಳೆಯದು. ಕ್ಷಣದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟು ಥರ್ಮೊಕೋಲನ್ನು ಕರಗಿಸಿಬಿಡುತ್ತದೆ.

ಗಾಳಿಯಿಲ್ಲದ ಬೆಳಗ್ಗೆ ಅದನ್ನು ನೆಟ್ಟಗೆ, ತುಸು ಕೆಳಮುಖವಾಗಿ ಎಸೆಯಿರಿ. ಮೇಲೇರಿ, ನಿಂತು, ಮೂತಿ ಬಗ್ಗಿಸಿ ಮತ್ತೆ ಏರಿದರೆ ಮೂತಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ. ನೇರ ನೆಲಕ್ಕೆ ನುಗ್ಗಿದರೆ ತೆಗೆಯಿರಿ. ನೇರವಾಗಿ ತೇಲತೊಡಗಿದ ಮೇಲೆ ಹತ್ತು ಸಲ ಎಸೆದು, ಸಾಗಿದ ದೂರವನ್ನು ಬಿಟ್ಟ ಎತ್ತರದಿಂದ ಭಾಗಿಸಿ ಸರಾಸರಿ ತೆಗೆಯಿರಿ. ಈ ಸಂಖ್ಯೆ ಎತ್ತುಬಲಕ್ಕೂ ಎಳೆತಕ್ಕೂ ಇರುವ ಅನುಪಾತ. ಗಾಳಿ ಸುರಂಗವಿಲ್ಲದ ಕಾಲೇಜಿನಲ್ಲಿ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ತಿಳಿಯದು. ಎಷ್ಟು ಶಕ್ತಿಯ ಮೋಟಾರ್ ಬೇಕೆಂಬುದನ್ನೂ ಇದೇ ಹೇಳುತ್ತದೆ. ನಮ್ಮ 740 ಗ್ರಾಂ ವಿಮಾನಕ್ಕೆ ಅನುಪಾತ 5.5 ಎಂದಾದರೆ ಎಳೆತ 1.3 ನ್ಯೂಟನ್, ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಸಮತಟ್ಟಾಗಿ ಹಾರಲು 12 ವಾಟ್. ಸೆಕೆಂಡಿಗೆ ಒಂದೂವರೆ ಮೀಟರ್ ಮೇಲೇರಲು ಇನ್ನೊಂದು 11 ವಾಟ್. ಮೋಟಾರ್ ಮತ್ತು ಪಂಖದ ಒಟ್ಟು ದಕ್ಷತೆ ನೂರಕ್ಕೆ 40 ಎಂದರೂ 60 ವಾಟ್ ಸಾಕು. ಕಿಟ್‌ನಲ್ಲಿದ್ದ ಮೋಟಾರಿನ ಸಾಮರ್ಥ್ಯ ಇದರ ಎರಡು ಪಟ್ಟಿಗಿಂತ ಹೆಚ್ಚಿತ್ತು. ಹಿಂದೆ ಭಾರ, ಮುಂದೆ ಅತಿಬಲ.

ನಮ್ಮ ಮೂರು ತಾಲ್ಲೂಕುಗಳ ನೆಲವೂ ಬಯಲುಸೀಮೆಯ ಪುಸ್ತಕಗಳಿಗೆ ಒಗ್ಗುವಂಥದ್ದಲ್ಲ. ಪುತ್ತೂರು, ಸುಳ್ಯ, ಕಡಬಗಳಲ್ಲಿ ಗುಡ್ಡವೂ ಕಣಿವೆಯ ತೋಟಗಳೂ ಹೇರಳ. ಬಯಲು ಕಡಿಮೆ, ಗದ್ದೆಗಳೆಲ್ಲ ತೋಟಗಳಾಗುತ್ತಿವೆ. ಪುತ್ತೂರಿನಲ್ಲಿ ಕಂಬಳ ನಡೆಯುವ ದೇವರಮಾರು ಗದ್ದೆಯಂಥ ಜಾಗ ವಿಶಾಲವೇನೋ ಹೌದು, ಆದರೆ ಪೇಟೆಯ ನಡುವೆ ಜನ ಓಡಾಡುವಲ್ಲಿ ಹೊಸಬರು ವಿಮಾನ ಹಾರಿಸಬಾರದು. ರಜಾದಿನ ಹಳ್ಳಿಯ ಶಾಲಾ ಮೈದಾನವೇ ಗತಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೀಸಿ ಗುಡ್ಡದ ಮರೆಯಲ್ಲಿ ಸುಳಿಯುತ್ತದೆ. ಕನಿಷ್ಠ ವೇಗ 6.5 ಮೀಟರ್ ಇರುವ ವಿಮಾನಕ್ಕೆ 4 ಮೀಟರ್ ವೇಗದ ಸುಳಿಗಾಳಿ ಸಣ್ಣ ಮಾತಲ್ಲ. ಕಾರ್ಯಾಗಾರದವರು ಸಂಜೆ ನಾಲ್ಕಕ್ಕೆ ಮೈದಾನಕ್ಕೆ ಇಳಿಯುವುದೇ ತಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೆ ಕುಳಿತು ಕಟ್ಟಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗ್ಗೆ ಎಂಟೂವರೆಯೊಳಗೆ ಹಾರಿಸಿ.

ರೇಡಿಯೊ ವಿಷಯ ಈಗ ಸುಲಭ. ಹಿಂದೆ ಒಂದೇ ತರಂಗಾಂತರದ ಸ್ಫಟಿಕಗಳಿಂದ ಇಬ್ಬರ ವಿಮಾನಗಳು ಒಟ್ಟಿಗೆ ಕೆಡುವುದಿತ್ತು, 2.4 ಗಿಗಾಹರ್ಟ್ಸ್ ಉಪಕರಣಗಳಲ್ಲಿ ಆ ತೊಂದರೆ ಇಲ್ಲ. ಆದರೆ ಈ ಅಲೆಗಳು ಒದ್ದೆ ತೋಟದ ಹಿಂದೆ ಕುಂದುತ್ತವೆ. ವಿಮಾನ ಸದಾ ಕಣ್ಣಿಗೆ ಕಾಣುತ್ತಿರಲಿ. ಅದು ನಿಮ್ಮೆಡೆಗೆ ಬರುವಾಗ ಎಡಬಲ ಅದಲು ಬದಲಾಗಿ ತೋರುತ್ತದೆ. ಆಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿ ದೂಡಿ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಚಾರ್ಜಿಗಿಟ್ಟು ಮಲಗಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಹಸಿರು ವಲಯದ ಮಿತಿ ಸಾಮಾನ್ಯವಾಗಿ 120 ಮೀಟರ್ ಎತ್ತರ. ನೋಂದಣಿ ಮತ್ತು ವಲಯದ ವಿವರಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ನೋಡಿಯೇ ಹಾರಿಸಿ.

ಆ ಹುಡುಗನನ್ನು ಕರೆದು ಒಂದು ಲೆಕ್ಕ ಕೊಟ್ಟೆ: 740 ಗ್ರಾಂ ವಿಮಾನದ ಗುರುತ್ವಕೇಂದ್ರವನ್ನು 2 ಸೆಂ.ಮೀ. ಮುಂದಕ್ಕೆ ತರಲು 120 ಗ್ರಾಂ ಬ್ಯಾಟರಿಯನ್ನು ಎಷ್ಟು ಸರಿಸಬೇಕು? ಕಾಗದದಂಚಿನಲ್ಲಿ ಗೀಚಿ “12.3 ಸೆಂಟಿಮೀಟರ್ ಸರ್” ಎಂದ. ಮೋಟಾರಿನ ಬೆನ್ನಿಗೇ ಗೂಡು ಕೊರೆದು ಬ್ಯಾಟರಿ ಕೂರಿಸಿದೆವು. ಡಿಸೆಂಬರಿನ ಒಂದು ಬೆಳಗ್ಗೆ ಮೋಟಾರ್ ಚಾಲೂ ಮಾಡದೆ ಎಸೆದಾಗ ಅದು ಒಂಬತ್ತು ಮೀಟರ್ ತೇಲಿ ಹುಲ್ಲಿನ ಮೇಲೆ ಕುಳಿತಿತು. ಆಮೇಲೆ ಅರ್ಧ ಥ್ರಾಟಲ್‌ನಲ್ಲಿ ಮೈದಾನಕ್ಕೆ ಮೂರು ಸುತ್ತು ಬಂತು. ಈಗ ತುಸು ಎಡಕ್ಕೆ ಎಳೆಯುತ್ತದೆ. ಎಡ ರೆಕ್ಕೆಯ ತುದಿ ತಿರುಚಿದೆಯೆಂದು ನನ್ನ ಅನುಮಾನ. ಪಂಖದ ತಿರುಗುಬಲದಿಂದ ಎಂದು ಅವನ ವಾದ. ಮೋಟಾರ್ ನಿಲ್ಲಿಸಿಯೂ ಎಳೆಯುತ್ತದೆಯೇ ಎಂದು ಮುಂದಿನ ಭಾನುವಾರ ನೋಡಲಿದ್ದೇವೆ.